ಸಹಿಯ ಸಹವಾಸ

ಓದು ಬರಹ ಬಾರದವನೊಬ್ಬನ ಸಹಿ ಹನ್ನೊಂದು ಕೋಟಿ ರೂಪಾಯಿಗೆ ಹೋಯಿತು ಎಂದು ನಮ್ಮ ಸೆಟ್ಟೂರಿನ ಕಟ್ಟೆಯ ಮೇಲೆ ಕೂತು ಹೇಳಿದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನೆತ್ತಿಯ ಮೇಲಿನ ಸೂರ್ಯನನ್ನು ನೋಡುತ್ತಾರೆ. ಅವರ ಅನುಮಾನದಲ್ಲಿ ಅನ್ಯಾಯವೇನಿಲ್ಲ. ಅನಂತಪುರ ಜಿಲ್ಲೆಯ ಬಿಸಿಲಿಗೆ ಎಂಥೆಂಥವರ ತಲೆಯೂ ಒಂದು ಸುತ್ತು ತಿರುಗಿದ್ದುಂಟು. ಆದರೆ ಈ ಸಂಗತಿಯನ್ನು ಬಿಸಿಲು ಹೇಳಿಸುತ್ತಿಲ್ಲ. 2021ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನಡೆದ ಒಂದು ಹರಾಜಿನಲ್ಲಿ ಜೋ ಜಾಕ್ಸನ್ ಎಂಬ ಬೇಸ್‌ಬಾಲ್ ಆಟಗಾರ ಸಹಿ ಮಾಡಿದ್ದ ಹಳೆಯ ಫೋಟೋ ಒಂದು 14 ಲಕ್ಷ 70 ಸಾವಿರ ಡಾಲರಿಗೆ ಹೋಯಿತು. ಫೋಟೋ ತೆಗೆದದ್ದು 1911ರಲ್ಲಿ. ನಮ್ಮ ರೂಪಾಯಿಗೆ ತಿರುಗಿಸಿದರೆ ಅವತ್ತಿನ ಲೆಕ್ಕದಲ್ಲಿ ಹನ್ನೊಂದು ಕೋಟಿ ಆಗುತ್ತದೆ. ಕಡ್ಲೆಕಾಯಿಗೆ ತಿರುಗಿಸುವ ಧೈರ್ಯ ನನಗಿಲ್ಲ. ಮೂಟೆ ಎಣಿಸುವುದರೊಳಗೆ ಇನ್ನೊಂದು ಮುಂಗಾರು ಬಂದು, ಬಾರದೆ, ಹೋಗಿರುತ್ತದೆ.

ಈ ಜೋ ಹತ್ತಿಗಿರಣಿಯ ಹುಡುಗ. ಸ್ಲೇಟು ಹಿಡಿಯುವ ವಯಸ್ಸಿನಲ್ಲಿ ಮಿಲ್ಲಿನ ನೆಲ ಗುಡಿಸಿದವನು. ಒಂದು ಪಂದ್ಯದಲ್ಲಿ ಹೊಸ ಶೂ ಕಚ್ಚಿ ಕಾಲು ಬೊಬ್ಬೆ ಎದ್ದಾಗ, ಶೂ ಕಿತ್ತೆಸೆದು ಬರೀ ಕಾಲುಚೀಲದಲ್ಲಿ ಆಡಿದನಂತೆ. ಅಂದಿನಿಂದ 'ಶೂಲೆಸ್ ಜೋ' ಎಂಬ ಬಿರುದು ಅಂಟಿಕೊಂಡಿತು. ನಮ್ಮ ಕೆರೆಯಂಗಳದಲ್ಲಿ ಆಡಿ ಬೆಳೆದವರಿಗೆ ಇದರಲ್ಲಿ ಬಿರುದು ಕೊಡುವಂಥದ್ದು ಏನಿದೆ ಎಂದು ಅರ್ಥವಾಗುವುದಿಲ್ಲ. ಆ ಲೆಕ್ಕದಲ್ಲಿ ನಮ್ಮದು ಇಡೀ ಟೀಮೇ ಶೂಲೆಸ್ಸು, ಕಾಲುಚೀಲವೂ ಇರಲಿಲ್ಲ. ಮಳೆಯಿಲ್ಲದ ವರ್ಷಗಳಲ್ಲಿ ಕೆರೆಯೇ ನಮ್ಮ ಸ್ಟೇಡಿಯಂ, ಮಳೆಯಿಲ್ಲದ ವರ್ಷಗಳೇ ಹೆಚ್ಚು, ಹಾಗಾಗಿ ಸ್ಟೇಡಿಯಂಗೆ ಕೊರತೆಯೆಂಬುದೇ ಇರಲಿಲ್ಲ.

ಜೋ ಬ್ಯಾಟು ಹಿಡಿದರೆ ದೇವರು, ಪೆನ್ನು ಹಿಡಿದರೆ ಪರದೇಶಿ. ಅವನ ಹೆಸರಿನಲ್ಲಿ ಬರುತ್ತಿದ್ದ ಪತ್ರಗಳಿಗೆ, ಕಾಗದಗಳಿಗೆ ಹೆಂಡತಿ ಕೇಟಿಯೇ ಸಹಿ ಹಾಕುತ್ತಿದ್ದಳು. ತಾನೇ ಹಾಕಬೇಕಾದ ಸಂದರ್ಭ ಬಂದರೆ ಅವಳು ಬರೆದುಕೊಟ್ಟ ಮಾದರಿಯನ್ನು ನೋಡಿಕೊಂಡು, ಅಕ್ಷರವನ್ನು ಬರೆಯದೆ ಚಿತ್ರದ ಹಾಗೆ ಬಿಡಿಸುತ್ತಿದ್ದ. ಹೋಟೆಲಿಗೆ ಹೋದರೆ ಮೆನು ಓದುವಂತೆ ನಟಿಸಿ, ಪಕ್ಕದವನು ಏನು ಹೇಳಿದನೋ ಅದನ್ನೇ ತನಗೂ ತರಲು ಹೇಳುತ್ತಿದ್ದ ಎಂದೊಂದು ಕಥೆಯುಂಟು. 1919ರ ಸರಣಿಯಲ್ಲಿ ದುಡ್ಡು ತಿಂದು ಸೋತರೆಂಬ ಆರೋಪ ಅವನ ತಂಡದ ಎಂಟು ಜನರ ಮೇಲೆ ಬಿದ್ದು, ಜೀವನಪರ್ಯಂತ ನಿಷೇಧವಾಯಿತು. ಆ ನಿಷೇಧವನ್ನು ತೆಗೆದದ್ದು 2025ರಲ್ಲಿ; ಜೋ ತೀರಿಕೊಂಡದ್ದು 1951ರಲ್ಲಿ. ಸರ್ಕಾರಿ ಕಚೇರಿಗಳ ನಿಧಾನಕ್ಕೆ ಬೇಸರಪಡುವ ನಮ್ಮ ಜನ ಇದನ್ನು ಕೇಳಿ ಸಮಾಧಾನ ಮಾಡಿಕೊಳ್ಳಬಹುದು.

ಹೀಗೆ ಆಟ ದೊಡ್ಡದು, ಹೆಸರು ಕೆಟ್ಟದ್ದು, ಸಹಿ ವಿರಳ. ಈ ಮೂರೂ ಒಂದೇ ಕಾಗದದ ಮೇಲೆ ಕೂಡಿಬಂದರೆ ಸಹಿಗಿರಾಕಿಗಳಿಗೆ (ಈ ಜಾತಿಯವರಿಗೆ ನಾನಿಟ್ಟ ಹೆಸರು) ರಾತ್ರಿ ನಿದ್ದೆ ಬರುವುದಿಲ್ಲ. ಆದರೂ ನನಗೆ ಆ ಹನ್ನೊಂದು ಕೋಟಿಯ ಗುಟ್ಟು ವಿರಳತೆಯಲ್ಲಷ್ಟೇ ಇದೆ ಎನ್ನಿಸುವುದಿಲ್ಲ. ಆ ಸಹಿಯಲ್ಲಿ ಒಬ್ಬ ಮನುಷ್ಯ ಬೆವರಿದ್ದಾನೆ. ಎಷ್ಟು ವೇಗದ ಚೆಂಡಿಗೂ ಹೆದರದ ಕೈ ಒಂದು 'ಜೆ' ಬರೆಯಲು ಹೆದರಿದೆ. ಆ ಹೆದರಿಕೆಯ ಗೆರೆ ಈಗಲೂ ಆ ಫೋಟೋದ ಮೇಲಿದೆ.

ನಮ್ಮ ಕಡೆ ಹಿಂದಿನ ತಲೆಮಾರಿನವರಿಗೆ ಈ ಹೆದರಿಕೆಯಿಂದ ಪಾರಾಗಲು ಸುಲಭದ ದಾರಿಯೊಂದಿತ್ತು: ಹೆಬ್ಬೆಟ್ಟು. ಸೊಸೈಟಿಯ ಸಾಲಕ್ಕೆ ಹೆಬ್ಬೆಟ್ಟು, ಜಮೀನಿನ ಕ್ರಯಕ್ಕೆ ಹೆಬ್ಬೆಟ್ಟು, ಮಗನ ಸ್ಕೂಲಿನ ಮಾರ್ಕ್ಸ್ ಕಾರ್ಡಿಗೂ ಹೆಬ್ಬೆಟ್ಟು. ಒತ್ತಿದ ಮೇಲೆ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ಒಂದು ಶಾಸ್ತ್ರ. ಉದ್ಯೋಗ ಖಾತ್ರಿ ಯೋಜನೆಗೆ ಚಾಲನೆ ಸಿಕ್ಕಿದ್ದೂ ನಮ್ಮ ಜಿಲ್ಲೆಯಲ್ಲೇ. 2006ರ ಫೆಬ್ರವರಿ 2ರಂದು ಬಂಡ್ಲಪಲ್ಲಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ಆರಂಭಿಸಿದರು. ಅಲ್ಲಿಂದಾಚೆಗೆ ದೇಶದ ಉದ್ದಗಲಕ್ಕೆ ಮಸ್ಟರ್ ರೋಲುಗಳ ಮೇಲೆ ಬಿದ್ದ ಹೆಬ್ಬೆಟ್ಟುಗಳನ್ನೆಲ್ಲ ಒಂದೆಡೆ ಹೊಲಿದರೆ ಪ್ರಪಂಚದಲ್ಲೇ ದೊಡ್ಡ ಆಟೋಗ್ರಾಫ್ ಪುಸ್ತಕವಾದೀತು. ಅದನ್ನು ಮಾತ್ರ ಯಾರೂ ಹರಾಜಿಗೆ ಇಡುವುದಿಲ್ಲ.

ಹೆಬ್ಬೆಟ್ಟಿನ ಇತಿಹಾಸವೂ ಸಾಮಾನ್ಯದ್ದಲ್ಲ. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಕರಾರೊಂದನ್ನು ರಾಜ್ಯಧರ ಕೋನಾಯ್ ಎಂಬವನ ಜೊತೆ ಮಾಡಿಕೊಂಡ. ಸಹಿ ಹಾಕಿದವರು ನಾಳೆ ಬಂದು ಇದು ನಂದಲ್ಲ ಅನ್ನುತ್ತಿದ್ದ ಕಾಲ. ಹೆದರಿಸಿ ಇಡೋಣ ಎಂದುಕೊಂಡು ಹರ್ಷೆಲ್ ಕಚೇರಿಯ ಮೊಹರಿಗೆ ಹಚ್ಚುವ ಮಸಿಯನ್ನೇ ಕೋನಾಯ್‌ನ ಇಡೀ ಅಂಗೈಗೆ ಬಳಿದು ಕರಾರಿನ ಹಿಂದೆ ಒತ್ತಿಸಿದ. ಆಮೇಲೆ ಅದೇ ಅವನಿಗೆ ಚಟವಾಯಿತು. ಗೆಳೆಯರದು, ಮನೆಯವರದು, ತನ್ನದು ಅಂತ ಕಂಡಕಂಡವರ ಬೆರಳಚ್ಚು ಕೂಡಿಹಾಕುತ್ತ ಹೋದ. ವರ್ಷಗಳು ಉರುಳಿದರೂ ಗೆರೆ ಬದಲಾಗುವುದಿಲ್ಲ ಎಂದು ಅವನಿಗೆ ಹೊಳೆದದ್ದು ಹೀಗೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗವೇ ತೆರೆಯಿತು. ಅಲ್ಲಿ ಗೆರೆಗಳನ್ನು ವಿಂಗಡಿಸುವ ಲೆಕ್ಕವನ್ನು ಹೊಸೆದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ನಮ್ಮ ದೇಶದವರು. ಅಂತೂ ಹೆಬ್ಬೆಟ್ಟನ್ನು ಆಟೋಗ್ರಾಫಿನಂತೆ ಪ್ರೀತಿಯಿಂದ ಸಂಗ್ರಹಿಸಿದ ಒಬ್ಬ ಪುಣ್ಯಾತ್ಮನಾದರೂ ಇದ್ದ ಎಂದಾಯಿತು. ಹೆಬ್ಬೆಟ್ಟುಪ್ರಿಯ ಹರ್ಷೆಲ್.

ಇಲ್ಲಿ ನನಗೊಂದು ತಮಾಷೆ ಕಾಣುತ್ತದೆ. ಹೆಬ್ಬೆಟ್ಟು ಇನ್ನೊಬ್ಬರದ್ದಾಗಲು ಸಾಧ್ಯವೇ ಇಲ್ಲ, ಅದಕ್ಕೆ ಬೆಲೆಯಿಲ್ಲ. ಸಹಿಯನ್ನು ಎರಡು ದಿನ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಹಾಕಬಹುದು, ಅದಕ್ಕೆ ಕೋಟಿ. ಅಸಲಿತನಕ್ಕೇ ಬೆಲೆ ಅನ್ನುವುದಾದರೆ ಇದು ತಿರುಗುಮುರುಗಾಗಬೇಕಿತ್ತು. ಬಹಳ ಹೊತ್ತು, ಅಂದರೆ ಕರೆಂಟು ಹೋಗಿ ಮತ್ತೆ ಬರುವಷ್ಟು ಹೊತ್ತು, ಯೋಚಿಸಿದ ಮೇಲೆ ನನಗೆ ತೋಚಿದ್ದಿಷ್ಟು. ಹೆಬ್ಬೆಟ್ಟನ್ನು ನಿದ್ದೆಯಲ್ಲಿದ್ದವನಿಂದಲೂ ಒತ್ತಿಸಿಕೊಳ್ಳಬಹುದು. ಹೆಣದ ಕೈ ಹಿಡಿದು ಆಸ್ತಿಪತ್ರಕ್ಕೆ ಒತ್ತಿಸಿದ ದಾಯಾದಿಗಳ ಕಥೆ ಯಾವ ಊರಲ್ಲಿಲ್ಲ? ಸಹಿ ಹಾಗಲ್ಲ. ಅದಕ್ಕೆ ಮನುಷ್ಯ ಎಚ್ಚರವಾಗಿರಬೇಕು, ಒಪ್ಪಬೇಕು, ಕೈ ಎತ್ತಬೇಕು, ಬೇರೆ ಕೆಲಸ ಬಿಟ್ಟು ನಿಮ್ಮ ಕಾಗದದ ಮೇಲೆ ಬಗ್ಗಬೇಕು. ಹೆಬ್ಬೆಟ್ಟು ಅವನು ಯಾರೆಂದು ಹೇಳುತ್ತದೆ. ಸಹಿ ಅವನು ಆ ಗಳಿಗೆಯಲ್ಲಿ ಮನಸ್ಸು ಮಾಡಿದ ಎಂದು ಹೇಳುತ್ತದೆ. ಗಿರಾಕಿಗಳು ದುಡ್ಡು ಸುರಿಯುವುದು ಆ ಮನಸ್ಸಿಗೆ.

ಹಾಗಂತ ಹೆಬ್ಬೆಟ್ಟು ಸದಾ ವಿಧೇಯ ಎಂದೂ ಹೇಳಲಾಗದು. ನಮ್ಮ ಬೀದಿಯ ಮುದುಕಿಯೊಬ್ಬರು ರೇಷನ್ ಅಂಗಡಿಯ ಮಿಷನ್ ಮುಂದೆ ನಿಂತದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬಲಗೈ ಹೆಬ್ಬೆರಳು ಇಟ್ಟರು, ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟರು, ಕೆಂಪು ದೀಪ.

"ಅವ್ವಾ, ತಲೆಗೆ ಎಣ್ಣೆ ಹಚ್ಚಿದ್ದೀಯಲ್ಲ, ಒಂಚೂರು ಅಲ್ಲಿ ಸವರಿ ಇಡು," ಅಂದ ಡೀಲರು.

"ಬೆರಳೆಲ್ಲ ಬಿತ್ತನೆ ಕಾಯಿ ಸುಲಿದೇ ಸವೆದೋಯ್ತು ಕಣಪ್ಪಾ. ಇನ್ನು ಅದರಾಗೆ ಗೆರೆ ಎಲ್ಲಿಂದ ತರಲಿ?"

ನಾನು ಆ ಬೆರಳನ್ನು ನೋಡಿದೆ. ತುದಿ ನುಣ್ಣಗೆ, ಸ್ವಲ್ಪ ಹೊಳಪಾಗಿ, ಉಗುರಿನ ಬದಿಯಲ್ಲಿ ಕೆಮ್ಮಣ್ಣಿನ ಎಳೆ ಕೂತು ಹೋಗಿತ್ತು. ಹರ್ಷೆಲ್ ಸಾಹೇಬ ಬದಲಾಗುವುದಿಲ್ಲ ಅಂದ ಗೆರೆಯನ್ನು ಕಡ್ಲೆಕಾಯಿ ಸಿಪ್ಪೆ ತಿದ್ದಿ ಹಾಕಿತ್ತು. ಕೊನೆಗೆ ಎಡಗೈಯ ನಡುಬೆರಳು ಕೆಲಸ ಮಾಡಿತು. ಮಿಷನ್ ಚೀಟಿ ಉಗುಳಿತು. ಅವ್ವ ಆ ಚೀಟಿಯನ್ನು ಓದಲು ಬಾರದಿದ್ದರೂ ಮುಖದ ಹತ್ತಿರ ಹಿಡಿದು ನೋಡಿ, ಮಡಿಸಿ, ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು.

ಸಹಿ ಕಲಿತವರ ಕಥೆ ಬೇರೆ. ಅಕ್ಷರ ಕಲಿತ ಮೇಲೆ ಸಹಿ ಕಲಿಯುವುದು ಕ್ರಮ. ನಮ್ಮಲ್ಲಿ ಸಹಿಯೊಂದನ್ನೇ ಕಲಿತು ಅಕ್ಷರಕ್ಕೆ ಕೈಮುಗಿದವರು ಬೇಕಾದಷ್ಟು ಜನ. ನನ್ನ ದೊಡ್ಡಪ್ಪ ಈ ಪಂಥದವರು. ಆಚೆ ಪಾವಗಡ, ಈಚೆ ಕಲ್ಯಾಣದುರ್ಗ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ದೊಡ್ಡಪ್ಪ ತಮ್ಮ ಸಹಿಯನ್ನು ಎಷ್ಟು ಜಾಣತನದಿಂದ ರೂಪಿಸಿಕೊಂಡಿದ್ದರೆಂದರೆ ತಲೆಕಟ್ಟಿನ ಕೊಂಕನ್ನು ಒಂಚೂರು ಎಳೆದರೆ ಅದು ಕನ್ನಡ, ಒಂಚೂರು ಕುಕ್ಕಿ ಮೇಲೆತ್ತಿದರೆ ತೆಲುಗು. ಪಾವಗಡದ ಬ್ಯಾಂಕೂ ಅದನ್ನು ಒಪ್ಪಿತು, ಕಲ್ಯಾಣದುರ್ಗದ ಕಚೇರಿಯೂ ಒಪ್ಪಿತು. ಅವರು ಸಹಿ ಹಾಕುವಾಗ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮೊದಲು ಗಾಳಿಯಲ್ಲಿ ಒಂದು ಸಲ ಬರೆಯುತ್ತಿದ್ದರು, ಆಮೇಲೆ ಕಾಗದದ ಮೇಲೆ. ಆ ಗಾಳಿಯ ಮೇಲಿನ ಸಹಿಯೇ ಹೆಚ್ಚು ಚೆನ್ನಾಗಿರುತ್ತಿತ್ತು ಎಂದು ನನ್ನ ನಂಬಿಕೆ. ಅದು ಸಂಗ್ರಾಹಕರ ಕೈಗೆ ಸಿಗದ ಮಾಲು.

ಸಂಗ್ರಹದ ವಿಷಯಕ್ಕೆ ಮರಳುತ್ತೇನೆ. ವಿರಳತೆಯ ಮಾತು ಬಂತಲ್ಲ, ಅದಕ್ಕೆ ತದ್ವಿರುದ್ಧವಾಗಿ ನಿಂತ ಮಹಾನುಭಾವ ಡಾನ್ ಬ್ರಾಡ್‌ಮನ್. 52 ಟೆಸ್ಟು, 6996 ರನ್ನು, ಸರಾಸರಿ 99.94. 1948ರ ಆಗಸ್ಟ್ 14ರಂದು ಓವಲ್‌ನಲ್ಲಿ ಕೊನೆಯ ಸಲ ಆಡಲು ಇಳಿದಾಗ ನಾಲ್ಕು ರನ್ನು ಹೊಡೆದಿದ್ದರೆ ಸರಾಸರಿ ನೂರಾಗುತ್ತಿತ್ತು. ಎರಿಕ್ ಹಾಲಿಸ್ ಎಸೆದ ಎರಡನೇ ಚೆಂಡಿಗೆ ಸೊನ್ನೆಗೆ ಬೌಲ್ಡ್. ಜಗತ್ತಿನ ಕ್ರಿಕೆಟ್ ಹುಚ್ಚರೆಲ್ಲ ಆ ಒಂದು ಬೌಂಡರಿಯ ಸಾಲವನ್ನು ಇನ್ನೂ ತೀರಿಸುತ್ತಿದ್ದಾರೆ. ಇಂಥವರ ಸಹಿಗೆ ಚಿನ್ನದ ಬೆಲೆ ಇರಬೇಕಲ್ಲವೆ? ಇಲ್ಲ. ಕಾರಣ, ಬ್ರಾಡ್‌ಮನ್ ಒಳ್ಳೆಯವರು. ನಿವೃತ್ತಿಯಾದ ಮೇಲೆ ಅಡಿಲೇಡಿನ ಮನೆಯಲ್ಲಿ ದಿನಾ ಗಂಟೆಗಟ್ಟಲೆ ಕೂತು, ಬಂದ ಪತ್ರಗಳಿಗೆಲ್ಲ ಉತ್ತರ ಬರೆದು, ಕಳಿಸಿದ ಫೋಟೋಗಳಿಗೆಲ್ಲ ಸಹಿ ಹಾಕಿ ಹಿಂದಿರುಗಿಸುತ್ತಿದ್ದರು. 2001ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನ ಇದೇ ಕಸುಬು. ಸ್ಪಷ್ಟವಾದ, ಓದಬಹುದಾದ, ಒಂದಕ್ಷರವನ್ನೂ ನುಂಗದ ಸಹಿ. ಭೂಮಿಯ ಮೇಲೆ ಅದು ಎಷ್ಟಿದೆಯೆಂದರೆ ಮಾರುಕಟ್ಟೆಗೆ ಮೈಯೆಲ್ಲ ನಾಚಿಕೆ.

ಅದೇ ಬ್ರಾಡ್‌ಮನ್ 1947-48ರಲ್ಲಿ ತಮ್ಮ ದೇಶಕ್ಕೆ ಮೊದಲ ಸಲ ಬಂದಿದ್ದ ಲಾಲಾ ಅಮರನಾಥರ ಭಾರತ ತಂಡದ ಮ್ಯಾನೇಜರ್ ಪಂಕಜ್ ಗುಪ್ತಾ ಅವರಿಗೆ ಕೊಟ್ಟ ಹಸಿರು ಟೋಪಿ, ಬಿಸಿಲಿಗೆ ಬಣ್ಣಗೆಟ್ಟು, ಅಂಚು ಹರಿದು, 2024ರ ಡಿಸೆಂಬರಿನಲ್ಲಿ ಹರಾಜಿಗೆ ಬಂದು, 3 ಲಕ್ಷ 90 ಸಾವಿರ ಆಸ್ಟ್ರೇಲಿಯನ್ ಡಾಲರಿನ ಕೂಗಿಗೆ ನಿಂತಿತು. ಟೋಪಿಯನ್ನು ದಿನಕ್ಕೆ ನೂರು ಹಂಚಲು ಬರುವುದಿಲ್ಲ. ಸಹಿಯನ್ನು ಹಂಚಬಹುದು, ಅವರು ಹಂಚಿದರು. ಧಾರಾಳಿಗಳಿಗೆ ಮಾರುಕಟ್ಟೆ ಕೊಡುವ ಶಿಕ್ಷೆ ಇದು. ಬ್ರಾಡ್‌ಮನ್‌ಗಿಂತ ಒಂದು ವರ್ಷ ಚಿಕ್ಕವನಾದ ಆರ್ಚಿ ಜಾಕ್ಸನ್ ಮೊದಲ ಟೆಸ್ಟಿನಲ್ಲೇ 164 ಹೊಡೆದು 1933ರಲ್ಲಿ 23ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ನಮ್ಮ ಅಮರ್ ಸಿಂಗ್ 1932ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಭಾರತದ ಮೊದಲ ಟೆಸ್ಟಿನಲ್ಲಿ ಆಡಿದವನು. 1940ರಲ್ಲಿ 29ಕ್ಕೇ ಹೋದ. ಇಂಥವರ ಸಹಿ ಕಂಡರೆ ಸಹಿಗಿರಾಕಿಯ ಕಣ್ಣು ಅರಳುತ್ತದೆ. ಬೇಗ ಸತ್ತವರ ಕೈ ಹೆಚ್ಚು ಕಾಗದ ಮುಟ್ಟಿರುವುದಿಲ್ಲ. ಈ ವ್ಯಾಪಾರದಲ್ಲಿ ಯಮನೂ ಒಬ್ಬ ಪಾಲುದಾರ. ಗಲ್ಲಾಪೆಟ್ಟಿಗೆಯ ಹತ್ತಿರವೇ ಕೂತಿರುತ್ತಾನೆ.

ಬ್ರಾಡ್‌ಮನ್ ತಂಡದ ಆ 1948ರ ಇಂಗ್ಲೆಂಡ್ ಯಾತ್ರೆಯದೇ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಹಡಗಿನಲ್ಲಿ ಹೋಗುವಾಗ ಆಟಗಾರರೆಲ್ಲ ಸಾವಿರಾರು ಹಾಳೆಗಳಿಗೆ ಸಹಿ ಹಾಕಿ ಮುಗಿಸಬೇಕಿತ್ತು. ಸಿಡ್ ಬಾರ್ನ್ಸ್ ಎಂಬ ಆರಂಭಿಕ ಆಟಗಾರನಿಗೆ ಇದು ಬೇಡವಾಯಿತು. ತನ್ನ ಸಹಿಯದೊಂದು ರಬ್ಬರ್ ಸ್ಟಾಂಪು ಮಾಡಿಸಿ, ಒತ್ತುವ ಕೆಲಸವನ್ನು ಬೇರೆಯವರಿಗೆ ವಹಿಸಿ ತಾನು ಹಾಯಾಗಿದ್ದ. ಪಂಚಾಯಿತಿ ಕಚೇರಿಯಲ್ಲಿ ರಬ್ಬರ್ ಸ್ಟಾಂಪು ಬಿದ್ದರೆ ಕಾಗದಕ್ಕೆ ಜೀವ ಬರುತ್ತದೆ. ಆಟೋಗ್ರಾಫಿನ ಮೇಲೆ ಬಿದ್ದರೆ ಜೀವ ಹೋಗುತ್ತದೆ. ಸಂಗ್ರಾಹಕರು ಭೂತಗನ್ನಡಿ ಹಿಡಿದು ಮಸಿಯ ಅಂಚು ನೋಡುತ್ತಾರೆ. ಪೆನ್ನಿನ ಗೆರೆ ಎಳೆಯುವಾಗ ದಪ್ಪ, ತಿರುಗುವಾಗ ತೆಳು, ಎತ್ತುವಾಗ ಬಾಲ. ಸ್ಟಾಂಪಿನದು ಎಲ್ಲ ಕಡೆ ಒಂದೇ ದಪ್ಪ. ಆದರೂ ನನಗೆ ಬಾರ್ನ್ಸನ ಸ್ಟಾಂಪು ಬಿದ್ದ ಹಾಳೆಯೊಂದು ಸಿಗುವುದಾದರೆ ನಾಲ್ಕು ಕಾಸು ಜಾಸ್ತಿಯೇ ಕೊಟ್ಟೇನು. ಉಳಿದವರ ಸಹಿಯಲ್ಲಿ ಅವರ ಹೆಸರು ಮಾತ್ರ ಇದೆ. ಅವನದರಲ್ಲಿ ಅವನ ಸೋಮಾರಿತನವೂ ಇದೆ. ಸೋಮಾರಿಗಳ ಬಗ್ಗೆ ನನಗೊಂದು ಕುಲಬಾಂಧವ್ಯ.

ಕೈಯ ಮಾತು ಎತ್ತಿದಾಗಲೆಲ್ಲ ನನ್ನನ್ನು ಕಾಡುವವರು ಸಚಿನ್ ತೆಂಡೂಲ್ಕರ್. ಬ್ಯಾಟು ಬಲಗೈಯದು, ಬೌಲಿಂಗು ಬಲಗೈಯದು. ನೂರು ಅಂತಾರಾಷ್ಟ್ರೀಯ ಶತಕ ಹೊಡೆದದ್ದು ಬಲಗೈ ಆಟಗಾರ. ಬರೆಯುವುದು ಮಾತ್ರ ಎಡಗೈಯಲ್ಲಿ! ಈಗ ಅವರ ಸಹಿ ಕೊಂಡವನಿಗೆ ಯಾರ ಸಹಿ ಸಿಕ್ಕಿತು? ಆಡಿದವನದೋ, ಆಟವನ್ನು ಪಕ್ಕದಿಂದ ನೋಡಿದವನದೋ? ಬಲಗೈ ಬ್ಯಾಟಿಗನಿಗೆ ಹಿಡಿಕೆಯ ಮೇಲಿನ ಕೈ ಎಡಗೈಯೇ, ಹೊಡೆತಕ್ಕೆ ದಿಕ್ಕು ತೋರಿಸುವುದೇ ಅದು, ಆದ್ದರಿಂದ ಚಿಂತಿಸಬೇಡ ಎಂದು ನನ್ನ ತಂಗಿಯ ಮಗ ಸಮಾಧಾನ ಹೇಳುತ್ತಾನೆ. ಅವನಿಗೆ ಎಲ್ಲವೂ ಗೊತ್ತು. ಆ ವಯಸ್ಸಿನಲ್ಲಿ ನನಗೂ ಗೊತ್ತಿತ್ತು.

ಬೆಲೆಯಿದ್ದ ಕಡೆ ಕಳ್ಳತನ ಇರಲೇಬೇಕು. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಎಫ್‌ಬಿಐಯವರು 'ಆಪರೇಷನ್ ಬುಲ್‌ಪೆನ್' ಎಂದು ಹೆಸರಿಟ್ಟು ಸುಳ್ಳು ಸಹಿಗಳ ದೊಡ್ಡ ಜಾಲವೊಂದನ್ನು ಹಿಡಿದರು. ಬೇಬ್ ರೂತ್‌ನಿಂದ ಹಿಡಿದು ಎಲ್ಲರ ಸಹಿಯನ್ನೂ ಹಾಕಬಲ್ಲ ಕುಶಲ ಕೈಗಳು ಅಲ್ಲಿದ್ದವು. ಹಳೆಯ ಚೆಂಡು, ಹಳೆಯ ಪುಸ್ತಕದಿಂದ ಹರಿದ ಹಾಳೆ, ಹಳತಾಗಿ ಕಾಣುವಂತೆ ಮಾಡಿದ ಮಸಿ, ಯಾವುದಕ್ಕೂ ಕೊರತೆಯಿರಲಿಲ್ಲ. ಸಿಕ್ಕ ಮಾಲಿನಲ್ಲಿ ಒಂದು ವಸ್ತುವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ: ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡು. ಆ ತಾಯಿ ಕಲ್ಕತ್ತೆಯ ಬೀದಿಯಲ್ಲಿ ರೋಗಿಗಳ ಸೇವೆ ಮುಗಿಸಿ, ಸಂಜೆ ಚೆಂಡಿನ ಮೇಲೆ ಸಹಿ ಹಾಕುತ್ತಿದ್ದರೆಂದು ನಂಬುವವರೂ ಇದ್ದಾರು ಎಂದು ಆ ಕಳ್ಳರು ನಂಬಿದ್ದರು. ಅವರ ಈ ನಂಬಿಕೆಯ ಮುಂದೆ ನಮ್ಮ ಭಕ್ತಿ ಏನೂ ಅಲ್ಲ. ಚೆಂಡಿನ ಹೊಲಿಗೆಗಳು ಹತ್ತಿರ ಬರುವ ಕಡೆ ನಡುವೆ ಒಂದು ಕಿರಿದಾದ ಜಾಗ ಇರುತ್ತದೆ; ಒಬ್ಬನೇ ಸಹಿ ಹಾಕುವುದಾದರೆ ಅಲ್ಲೇ ಹಾಕಬೇಕೆಂದು ಬೇಸ್‌ಬಾಲಿನ ಗಿರಾಕಿಗಳು ಬಯಸುತ್ತಾರೆ. ತೆರೇಸಾ ತಾಯಿಗೆ ಅದೂ ತಿಳಿದಿತ್ತೋ ಏನೋ ಎಂದು ಅತ್ತ ಕಡೆಯವರು ಯಾರಾದರೂ ಪೊಲೀಸರನ್ನು ಕೇಳಬೇಕಿತ್ತು.

ಆ ಗಲಾಟೆಯ ನಂತರ ಸಹಿಗೆ ಸಾಕ್ಷಿ ಬೇಕು ಎಂಬ ಪದ್ಧತಿ ಬಲವಾಯಿತು. ಈಗ ದೊಡ್ಡ ಆಟಗಾರ ಸಹಿ ಹಾಕುವಾಗ ಪಕ್ಕದಲ್ಲಿ ಒಬ್ಬ ನಿಂತು ನೋಡುತ್ತಾನೆ, ನೋಡಿದ್ದಕ್ಕೆ ಹೊಳೆಯುವ ಹೊಲೊಗ್ರಾಂ ಚೀಟಿ ಅಂಟಿಸುತ್ತಾನೆ, ಚೀಟಿಗೊಂದು ನಂಬರು, ನಂಬರಿಗೊಂದು ಸರ್ಟಿಫಿಕೇಟು, ಸರ್ಟಿಫಿಕೇಟಿಗೆ ಮತ್ತೊಬ್ಬನ ಸಹಿ. ಆ ಮತ್ತೊಬ್ಬನ ಸಹಿ ಅಸಲಿ ಎಂದು ಹೇಳುವವರಾರು? ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಟೀ ಕುಡಿಯುತ್ತ ಸಾಕ್ಷಿಗೆಂದೇ ನಿಂತಿರುವ ನಮ್ಮವರಿಗೆ ಅಮೆರಿಕದಲ್ಲಿ ಒಳ್ಳೆಯ ಭವಿಷ್ಯವಿದೆ.

ಆಟಗಾರನ ಸಹಿಯೇ ಇಲ್ಲದೆ ಎಷ್ಟೋ ಸಹಿಗಳಿಗಿಂತ ಹೆಚ್ಚು ಬೆಲೆ ಪಡೆದದ್ದೂ ಒಂದಿದೆ. 2000ನೇ ಇಸವಿಯ ಡಿಸೆಂಬರ್ 14ರಂದು ಬಾರ್ಸಿಲೋನಾದ ಒಂದು ಕ್ಲಬ್ಬಿನಲ್ಲಿ ಕೂತು, ಅರ್ಜೆಂಟೀನಾದಿಂದ ಬಂದ 13 ವರ್ಷದ ಲಿಯೊನೆಲ್ ಮೆಸ್ಸಿಯನ್ನು ತಂಡಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ಕಾರ್ಲೆಸ್ ರೆಕ್ಸಾಕ್ ಎಂಬವರು ಕೈಗೆ ಸಿಕ್ಕ ಪೇಪರ್ ನ್ಯಾಪ್ಕಿನ್ ಮೇಲೆ ಬರೆದುಕೊಟ್ಟರು. 2024ರಲ್ಲಿ ಆ ನ್ಯಾಪ್ಕಿನ್ 7 ಲಕ್ಷ 62 ಸಾವಿರ ಪೌಂಡಿಗೆ ಹೋಯಿತು. ಅದರ ಮೇಲೆ ರೆಕ್ಸಾಕ್ ಸಹಿ ಇದೆ, ಇಬ್ಬರು ಏಜೆಂಟರ ಸಹಿ ಇದೆ. ಮೆಸ್ಸಿಯ ಸಹಿ ಇಲ್ಲ. ಬಾಯಿ ಒರೆಸಿ ಎಸೆಯುವ ಕಾಗದ ಅಷ್ಟು ವರ್ಷ ಬಾಳಿತಲ್ಲ ಎಂಬುದೇ ನನಗೆ ಸೋಜಿಗ. ನಮ್ಮ ಹೋಟೆಲುಗಳಲ್ಲಿ ನಾಲ್ಕು ತುಂಡು ಮಾಡಿ ಲೋಟದಲ್ಲಿ ನಿಲ್ಲಿಸುವ ಹಳೇ ದಿನಪತ್ರಿಕೆಯ ಮೇಲೆ ಒಪ್ಪಂದ ಬರೆದಿದ್ದರೆ ಹಿಂದೆ ಚಿನ್ನ ಬೆಳ್ಳಿ ದರವೂ ಸಿಗುತ್ತಿತ್ತು.

ಇಷ್ಟೆಲ್ಲ ಪರದೇಶದ ಮಾತಾಯಿತು, ನಿಮ್ಮ ಕಡೆ ಏನೂ ಇಲ್ಲವೆ ಅನ್ನಬೇಡಿ. ನಮ್ಮ ಜಿಲ್ಲೆಗೇ ಕ್ರಿಕೆಟ್ ನಡೆದು ಬಂದದ್ದುಂಟು. ಸ್ಪೇನಿನಿಂದ ಬಂದ ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಆರ್‌ಡಿಟಿ ಸಂಸ್ಥೆಯ ಮೈದಾನದಲ್ಲಿ 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿ ಆಡಿಸಿದರು. ಟಿವಿಯಲ್ಲಿ ಅಂಗೈಯಷ್ಟು ಕಾಣುತ್ತಿದ್ದವರು ಆಳೆತ್ತರವಾಗಿ ಬಂದು ನಿಂತರು. ಕಲ್ಯಾಣದುರ್ಗ, ಧರ್ಮಾವರ, ಹಿಂದೂಪುರ, ಎಲ್ಲೆಲ್ಲಿನ ಹುಡುಗರೋ ಬೈಕುಗಳಲ್ಲಿ ಮೂರು ಮೂರು ಜನ ಕೂತು ಹೋದರು. ಶ್ರೇಯಸ್ ಅಯ್ಯರ್, ಋತುರಾಜ್ ಗಾಯಕ್ವಾಡ್, ಸಂಜು ಸ್ಯಾಮ್ಸನ್. ನಮ್ಮ ಕರ್ನಾಟಕದ ದೇವದತ್ತ ಪಡಿಕ್ಕಲ್, ಪ್ರಸಿದ್ಧ ಕೃಷ್ಣ. ಕೊನೆಗೆ ಟ್ರೋಫಿ ಎತ್ತಿದ ಇಂಡಿಯಾ 'ಎ' ತಂಡದ ನಾಯಕನೂ ನಮ್ಮ ಮಯಾಂಕ್ ಅಗರ್‌ವಾಲ್. ಒಬ್ಬ ಅಭಿಮಾನಿಯಂತೂ ಬೇಲಿ ದಾಟಿ ಮೈದಾನಕ್ಕೆ ನುಗ್ಗಿ ಋತುರಾಜನ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಟ್ಟ. ಅವನನ್ನು ಬೈದವರೇ ಹೆಚ್ಚು. ನಾನು ಬೈಯಲಾರೆ. ಅವನು ಬಯಸಿದ್ದನ್ನು ಹರಾಜು ಹಾಕಲು ಬರುವುದಿಲ್ಲ, ಅದಕ್ಕೆ ಹೊಲೊಗ್ರಾಂ ಅಂಟಿಸಲೂ ಬರುವುದಿಲ್ಲ.

ನನ್ನ ತಂಗಿಯ ಮಗನೂ ಅಲ್ಲಿಗೆ ಹೋಗಿದ್ದ. ಬಂದವನು ಮೊಬೈಲು ತೋರಿಸಿದ. ದೂರದಲ್ಲಿ ಬಿಳಿ ಬಟ್ಟೆಯ ಯಾರೋ, ಮುಂದೆ ಇವನ ಮೂಗು.

"ಸಹಿ ತಗೊಳ್ಳಲಿಲ್ಲೇನೋ?" ಅಂದೆ.

"ಯಾರ್ ಮಾವ ಈಗ ಸಹಿ ತಗೋತಾರೆ? ಸಹೀಲಿ ನಾನು ಕಾಣ್ತೀನಾ?" ಅಂದ.

ಒಪ್ಪಬೇಕಾದ ಮಾತು. ಸೆಲ್ಫಿಯಲ್ಲಿ ನಾವಿರುತ್ತೇವೆ, ದೊಡ್ಡವರು ನಮ್ಮ ಹಿನ್ನೆಲೆಯಾಗಿರುತ್ತಾರೆ. ಸಹಿಯಲ್ಲಿ ನಾವು ಎಲ್ಲೂ ಇಲ್ಲ. ಆದರೆ ಕಾಣಿಸಿಕೊಳ್ಳಲು ಯಾವ ಕೊರತೆಯೂ ಇಲ್ಲದ ಸುನಿಲ್ ಗವಾಸ್ಕರ್, 2023ರ ಮೇ ತಿಂಗಳಲ್ಲಿ ಚೆನ್ನೈನ ಚೆಪಾಕ್ ಮೈದಾನದಲ್ಲಿ, 73ನೇ ವಯಸ್ಸಿನಲ್ಲಿ, ಓಡುತ್ತ ಹೋಗಿ ಧೋನಿಯ ಮುಂದೆ ಎದೆಯೊಡ್ಡಿ ನಿಂತು, ತೊಟ್ಟ ಅಂಗಿಯ ಮೇಲೆಯೇ ಸಹಿ ಹಾಕಿಸಿಕೊಂಡರಲ್ಲ! ಟೆಸ್ಟಿನಲ್ಲಿ ಮೊದಲು ಹತ್ತು ಸಾವಿರ ರನ್ ದಾಟಿದ ಮನುಷ್ಯನಿಗೆ ಇನ್ನೊಬ್ಬರ ಹೆಸರು ತನ್ನ ಎದೆಯ ಮೇಲೆ ಬೇಕೆನ್ನಿಸಿತು. ಆ ಅಂಗಿಗೆ ಎಷ್ಟು ಬೆಲೆ ಬಂದೀತು ಎಂದು ಲೆಕ್ಕ ಹಾಕಿದವರಿದ್ದಾರೆ. ಒಗೆಯಲು ಹಾಕಿದರೋ ಇಲ್ಲವೋ ಎಂಬ ಚಿಂತೆ ನನ್ನದು.

ಈ ಸಹಿವ್ಯಾಪಾರದ ಒಂದು ನಿಯಮವನ್ನಂತೂ ನನ್ನ ಮನಸ್ಸು ಒಪ್ಪಿಲ್ಲ. ಸಹಿಯ ಜೊತೆ ಆಟಗಾರ ನಿಮ್ಮ ಹೆಸರನ್ನೂ ಬರೆದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ಬರೀ ಸಹಿಯಾದರೆ ಯಾರಿಗೆ ಬೇಕಾದರೂ ಮಾರಬಹುದು. 'ಪ್ರೀತಿಯ ಇಂಥವರಿಗೆ' ಎಂದು ಬರೆದರೆ ಆ ಇಂಥವರನ್ನು ಹೊರತು ಮಿಕ್ಕವರಿಗೆ ಅದು ಬೇರೆಯವರ ಮನೆಯ ವಸ್ತು. ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಬಿಂದಿಗೆಯ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಸಿರುತ್ತಾರಲ್ಲ, ಹಾಗೆ. ಅಂಗಡಿಯವನು ವಾಪಸು ತಗೊಳ್ಳುವುದಿಲ್ಲ, ಇನ್ನೊಂದು ಮದುವೆಗೆ ದಾಟಿಸಲೂ ಆಗುವುದಿಲ್ಲ, ಆದ್ದರಿಂದಲೇ ಅದು ಮನೆಯಲ್ಲಿ ಉಳಿಯುತ್ತದೆ. ತಲೆಮಾರು ದಾಟಿದ ಮೇಲೆ ಯಾರದೋ ಬಾಯಲ್ಲಿ, ಇದು ಇಂಥ ಅತ್ತೆ ಕೊಟ್ಟದ್ದು ಎಂದು ಬರುವುದು ಆ ಚುಕ್ಕೆಗಳಿಂದ. ಮಾರುಕಟ್ಟೆ ಹೆಸರಿಲ್ಲದ ಬಿಂದಿಗೆಯನ್ನು ಹೊಗಳುತ್ತದೆ. ಹೊಗಳಿಕೊಳ್ಳಲಿ.

ನನಗೆ ಬ್ಯಾಟಿನ ಮೇಲೆ ಯಾರದಾದರೂ ಒಂದು ಸಹಿ ಸಿಗುವುದಾದರೆ ಜಿ.ಆರ್. ವಿಶ್ವನಾಥ್ ಅವರದಾಗಲಿ. ಭದ್ರಾವತಿಯಲ್ಲಿ ಹುಟ್ಟಿದ ಆ ಪುಟ್ಟ ಮನುಷ್ಯ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಆಮೇಲೆ 137 ಹೊಡೆದರು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಬೆಂಕಿ ಉಗುಳುತ್ತಿದ್ದಾಗ ಒಂದು ಕಡೆ ವಿಕೆಟ್ ಉದುರುತ್ತಿರಲು ಔಟಾಗದೆ 97ಕ್ಕೆ ನಿಂತರು. ನೂರಾಗದ ಆ 97ರ ಮೇಲೆ ನಮ್ಮ ಕಡೆಯ ಹಿರಿಯರಿಗೆ ಎಷ್ಟೋ ಶತಕಗಳಿಗಿಂತ ಹೆಚ್ಚು ಮಮತೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿಗೆ ನಾಯಕರಾಗಿದ್ದವರು, ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್ ಔಟಲ್ಲ ಎಂದು ವಾಪಸು ಕರೆದರು. ಟೇಲರ್ ನಿಂತು ಆಡಿದ, ಭಾರತ ಹತ್ತು ವಿಕೆಟ್ಟಿಗೆ ಸೋತಿತು. ಈ ಕಾಲದ ಮಾರುಕಟ್ಟೆಗೆ ಇದನ್ನು ಯಾವ ಖಾತೆಗೆ ಬರೆಯಬೇಕೋ ಗೊತ್ತಾಗುವುದಿಲ್ಲ.

ಸಹಿಯನ್ನು ಅವರು ಕನ್ನಡದಲ್ಲಿ ಹಾಕಲಿ, ಇಂಗ್ಲಿಷಿನಲ್ಲಿ ಹಾಕಲಿ, ನನ್ನ ತಕರಾರಿಲ್ಲ. ಆದರೆ ಮೇಲೆ ನನ್ನ ಹೆಸರು ಬೇಕು, ಅದರ ಕೆಳಗೆ ಸೆಟ್ಟೂರು ಎಂದು ಬೇಕು, ಕಲ್ಯಾಣದುರ್ಗದ ಹತ್ತಿರ ಎಂದೂ ಬೇಕು, ಇಲ್ಲದಿದ್ದರೆ ಬೇರೆ ಯಾವುದೋ ಸೆಟ್ಟೂರಿನವನು ಬಂದು ನನ್ನದು ಅಂದಾನು. ಬೆಲೆ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾನೆ ತಂಗಿಯ ಮಗ. ಇಳಿದರೆ ದೊಡ್ಡಪ್ಪನ ಹೆಸರನ್ನೂ ಸೇರಿಸಿಬಿಡಿ ಎಂದು ಕೇಳುವವನೇ. ಇಷ್ಟೆಲ್ಲ ಬರೆಯಲು ಬ್ಯಾಟಿನ ಮೇಲೆ ಜಾಗ ಎಲ್ಲಿದೆ ಅನ್ನುವವರಿಗೆ, ಹಿಂಭಾಗ ಖಾಲಿಯೇ ಇರುತ್ತದಲ್ಲ.